ತಿಪ್ಪೆಯ ಸರದಿ



ಅಮೆರಿಕೆಯಿಂದ ಹಿಂತಿರುಗಿದ ಮೇಲೆ ‘ಅಲ್ಲಿ ಏನೇನು ನೋಡಿದಿರಿ, ಬರೆಯಿರಿ’ ಎಂದು ಅನೇಕರು ಒತ್ತಾಯಿಸುತ್ತಲೇ ಇದ್ದೀರಿ. ಗೋಲ್ಡನ್ ಗೇಟ್ ಸೇತುವೆಯ ಮೇಲೆ ನಿಂತು ತೆಗೆಸಿಕೊಂಡ ಭಾವಚಿತ್ರವನ್ನು ಮಗಳು ಎಲ್ಲರಿಗೂ ಕಳಿಸಿಯಾಗಿದೆ. ಅದರ ವರ್ಣನೆಗೆ ನನ್ನ ಲೇಖನಿ ಬೇಕಿಲ್ಲ. ನಿಜ ಹೇಳಬೇಕೆಂದರೆ, ಆ ಆರು ತಿಂಗಳಲ್ಲಿ ಮನೆಯ ಹೊರಗೆ ನಾನು ಹೆಚ್ಚು ಹೊತ್ತು ಕಳೆದದ್ದು ಒಂದು ಪ್ರಾಥಮಿಕ ಶಾಲೆಯ ಹಿತ್ತಲಿನಲ್ಲಿ, ಮಕ್ಕಳು ಊಟ ಮಾಡಿ ಬಿಟ್ಟ ಕಸದ ಡಬ್ಬಗಳ ನಡುವೆ. ಅದನ್ನು ಬರೆಯಲು ಕುಳಿತರೆ 1924ರ ಬೆಳಗಾವಿ, 1925ರ ನಿಪ್ಪಾಣಿ, ಕೊನೆಗೆ 1994ರ ನನ್ನದೇ ಒಂದು ಹಳೆಯ ವಹಿ, ಎಲ್ಲವೂ ಒಂದರ ಹಿಂದೆ ಒಂದು ಬಂದು ನಿಲ್ಲುತ್ತವೆ. ಇತಿಹಾಸದ ಮಾಸ್ತರನ ಚಟವೆಂದು ಸಹಿಸಿಕೊಳ್ಳಿ.

2023ರ ಆಗಸ್ಟ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ನಗರದಲ್ಲಿರುವ ಮಗಳ ಮನೆಗೆ ಹೋದೆ. ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಮಗಳು, ಅಳಿಯ, ಮೊಮ್ಮಗಳು ಮೂವರೂ ಮನೆ ಬಿಟ್ಟರೆ ಉಳಿದವನು ನಾನು, ಒಂದು ರಿಮೋಟು ಮತ್ತು ಬಾಯಿಬಾರದ ಬೀದಿ. ಮೂರನೆಯ ವಾರಕ್ಕೆ ಮೊಮ್ಮಗಳ ಶಾಲೆಯಿಂದ ಚೀಟಿಯೊಂದು ಬಂತು: ಶಾಲೆಯ ತೋಟಕ್ಕೂ ಊಟದ ಮನೆಯ ಕಸ ವಿಂಗಡಣೆಗೂ ಸ್ವಯಂಸೇವಕರು ಬೇಕು, ಅಜ್ಜ ಅಜ್ಜಿಯರೂ ಬರಬಹುದು. ಹೋದೆ. ಮೊದಲು ಕೇಳಿದ್ದು ನನ್ನ ಬಿಎಡ್ ಪದವಿಯನ್ನಲ್ಲ, ಕ್ಷಯರೋಗವಿಲ್ಲವೆಂಬ ವೈದ್ಯರ ಪತ್ರವನ್ನು. ಅಲ್ಲಿ ಮಕ್ಕಳ ನಡುವೆ ನಿತ್ಯ ಕೆಲಸ ಮಾಡುವ ಯಾರಿಗೂ ಅದು ಬೇಕೇ ಬೇಕಂತೆ. ಮೂರು ದಶಕಕ್ಕೂ ಹೆಚ್ಚು ಕಾಲ ಮಕ್ಕಳ ನಡುವೆಯೇ ಸುಣ್ಣದ ಪುಡಿ ಕುಡಿದು ಕೆಮ್ಮಿದವನಿಗೆ ಆ ಪತ್ರ ಸಿಕ್ಕಾಗ ಎಂಥದೋ ಪ್ರಶಸ್ತಿ ಬಂದಂತಾಯಿತು.

ಕೆಲಸ ಹೀಗಿತ್ತು. ಮಧ್ಯಾಹ್ನದ ಊಟ ಮುಗಿದೊಡನೆ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಒಂದು ಉದ್ದನೆಯ ಮೇಜಿನ ಬಳಿ ಬರುತ್ತಾರೆ. ಕುಡಿಯದೆ ಉಳಿದ ಹಾಲು ಒಂದು ಬಕೀಟಿಗೆ. ಒಡೆಯದ ಹಾಲಿನ ಪೊಟ್ಟಣ, ಕಚ್ಚದ ಸೇಬು ‘ಹಂಚಿಕೆಯ ಮೇಜಿ’ಗೆ, ಹಸಿವಾದ ಇನ್ನೊಂದು ಮಗು ಅದನ್ನು ಎತ್ತಿಕೊಳ್ಳಬಹುದು. ಕಾಗದ, ಬಾಟಲಿ ನೀಲಿ ಡಬ್ಬಕ್ಕೆ. ಅನ್ನ, ಸಿಪ್ಪೆ, ರೊಟ್ಟಿಯ ತುಣುಕು ಹಸಿರು ಡಬ್ಬಕ್ಕೆ. ಯಾವುದಕ್ಕೂ ಬಾರದ್ದು ಕಪ್ಪು ಡಬ್ಬಕ್ಕೆ. ಆ ರಾಜ್ಯದಲ್ಲಿ 2016ರಲ್ಲಿ ಮಾಡಿದ ಒಂದು ಕಾನೂನು 2022ರಿಂದ ಜಾರಿಗೆ ಬಂದು, ಕೊಳೆಯುವ ಕಸವನ್ನು ಬೇರೆಯಾಗಿಯೇ ಇಡಬೇಕೆಂಬ ಕಟ್ಟಳೆ ಮನೆ, ಅಂಗಡಿ, ಶಾಲೆ ಎಲ್ಲಕ್ಕೂ ಬಿದ್ದಿದೆ. ಹಸಿರು ಡಬ್ಬದ ಒಂದು ಪಾಲು ಸಿಪ್ಪೆಯನ್ನು ನಾವು ಹಿತ್ತಲಿಗೆ ಒಯ್ದು ಒಣ ಎಲೆ, ಹರಿದ ಕಾಗದಗಳ ಜೊತೆ ಪದರ ಪದರವಾಗಿ ಒಟ್ಟುತ್ತಿದ್ದೆವು. ರಾಶಿ ಹಿಂಡಿದ ಬಟ್ಟೆಯಷ್ಟು ತೇವವಿರಬೇಕು. ಹೆಚ್ಚಾದರೆ ನಾರುತ್ತದೆ, ಕಡಿಮೆಯಾದರೆ ಮಲಗುತ್ತದೆ. ವಾರಕ್ಕೊಮ್ಮೆ ಮಗುಚಬೇಕು. ಚಳಿಯ ಮುಂಜಾವಿನಲ್ಲಿ ರಾಶಿಯ ನಡುವೆ ಕೈಯಿಟ್ಟರೆ ನಮ್ಮೂರಿನ ಬಾಣಂತಿಯ ಕೋಣೆಯಂತೆ ಬೆಚ್ಚಗಿರುತ್ತಿತ್ತು.

ಆ ಮಕ್ಕಳು ಎಸೆಯುವ ಅನ್ನವನ್ನು ನೋಡಿದಾಗ ಹೊಟ್ಟೆ ಉರಿಯುತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ಬಿಸಿಯೂಟದ ತಟ್ಟೆಯಲ್ಲಿ ಅಷ್ಟು ಉಳಿಯುವುದಿಲ್ಲ. ಉಂಡ ಮಗುವೇ ತಟ್ಟೆ ತೊಳೆದಿಡುವ ರೂಢಿ ನಮ್ಮಲ್ಲಿದೆ, ಅಲ್ಲಿಲ್ಲ. ಆದುದರಿಂದ ಇದು ‘ಪರದೇಶ ದೊಡ್ಡದು’ ಎಂಬ ಬರಹವಲ್ಲ.

ನನ್ನ ಜೊತೆಗೆ ಎಪ್ಪತ್ತು ದಾಟಿದ ಒಬ್ಬ ನಿವೃತ್ತ ಶಿಕ್ಷಕಿ ಕೆಲಸ ಮಾಡುತ್ತಿದ್ದರು. ಎರಡನೆಯ ದಿನವೇ ಅವರು ಕೇಳಿದ ಪ್ರಶ್ನೆ ಇದು: ‘ನೀವು ಭಾರತದವರಲ್ಲವೆ? ಇಂದೂರು ನಿಮ್ಮ ಊರಿಗೆ ಹತ್ತಿರವೆ?’ ದೂರ ಎಂದೆ. ‘ಈ ರಾಶಿ ಹಾಕುವ ಪದ್ಧತಿ ಅಲ್ಲಿಯದೇ ಅಲ್ಲವೆ’ ಎಂದರು. ನಾನು ಗೋಣು ಅಲ್ಲಾಡಿಸಿದೆ. ವಿಷಯ ತಿಳಿದಿರಲಿಲ್ಲ. ಇಂದೂರೆಂದರೆ ನಾನು ನಿಮಗೆ ಕಲಿಸಿದ್ದು ಹೋಳ್ಕರರನ್ನು, ಅಹಲ್ಯಾಬಾಯಿಯನ್ನು, ತಿಪ್ಪೆಯನ್ನಲ್ಲ. ಆ ರಾತ್ರಿ ಮಗಳ ಕಂಪ್ಯೂಟರಿನ ಮುಂದೆ ಕುಳಿತು ಓದಿದೆ; ನಂತರ ಅಲ್ಲಿನ ಗ್ರಂಥಾಲಯದಿಂದ ಪುಸ್ತಕವನ್ನೂ ತರಿಸಿಕೊಂಡೆ.

ಆಲ್ಬರ್ಟ್ ಹೋವರ್ಡ್ ಎಂಬ ಆಂಗ್ಲ ಸಸ್ಯವಿಜ್ಞಾನಿ 1905ರಲ್ಲಿ ಬಿಹಾರದ ಪೂಸಾಕ್ಕೆ ಸರಕಾರದ ನೌಕರಿಗೆ ಬಂದ. ನಮ್ಮ ರೈತರಿಗೆ ಕಲಿಸಲು ಬಂದವನು ಅವರಿಂದಲೇ ಕಲಿಯತೊಡಗಿದ. ರೈತರನ್ನೂ ಬೆಳೆಗೆ ಬೀಳುವ ಕೀಟಗಳನ್ನೂ ತನ್ನ ಪ್ರಾಧ್ಯಾಪಕರೆಂದು ಕರೆದುಕೊಂಡ ಮನುಷ್ಯ ಆತ. 1924ರಲ್ಲಿ ಇಂದೂರಿನ ಸಸ್ಯೋದ್ಯಮ ಸಂಸ್ಥೆ ಆತನ ಕೈಗೆ ಬಂತು. ಅಲ್ಲಿ ಕಬ್ಬಿನ ಸೋಗೆ, ಹತ್ತಿಕಟ್ಟಿಗೆ, ಕಳೆ, ದನದ ಸಗಣಿ, ಗಂಜಳ ಹೀರಿದ ಮಣ್ಣು, ಬೂದಿ ಇವನ್ನು ಆಳವಲ್ಲದ ಗುಂಡಿಯಲ್ಲಿ ಪದರ ಮಾಡಿ, ಮೂರು ಬಾರಿ ಮಗುಚಿ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು ಅಳೆದು ತೂಗಿ ಸಿದ್ಧಗೊಳಿಸಿದರು. 1931ರಲ್ಲಿ ಪ್ರಕಟವಾದ ಪುಸ್ತಕದ ಮೇಲೆ ಎರಡು ಹೆಸರುಗಳಿವೆ: ಹೋವರ್ಡ್ ಮತ್ತು ಯಶವಂತ ವಾಡ್. ಎರಡನೆಯ ಹೆಸರನ್ನು ಜಗತ್ತು ಬಹುಮಟ್ಟಿಗೆ ಮರೆತಿದೆ. ‘ಎಲ್ಲವೂ ನಮ್ಮದೇ’ ಎಂದು ಬೀಗುವ ಮೊದಲು ಇದನ್ನೂ ನೆನಪಿಡಿ: ಇದೇ ವಿದ್ಯೆಯನ್ನು ಚೀನಾ, ಜಪಾನ್, ಕೊರಿಯಾದ ರೈತರಲ್ಲಿ ಕಂಡು ಕಿಂಗ್ ಎಂಬ ಅಮೆರಿಕನ್ ವಿದ್ವಾಂಸ 1911ರಲ್ಲೇ ಪುಸ್ತಕ ಬರೆದಿದ್ದ, ಹೋವರ್ಡನಿಗೂ ಅದು ದಾರಿ ತೋರಿತ್ತು. ಗಾಂಧೀಜಿ 1935ರಲ್ಲಿ ಹಿಂದೀ ಸಾಹಿತ್ಯ ಸಮ್ಮೇಳನಕ್ಕೆಂದು ಇಂದೂರಿಗೆ ಹೋದಾಗ ಆ ಗುಂಡಿಗಳನ್ನು ನೋಡಲು ಹೋದರು. 1942ರಲ್ಲಿ ಅಮೆರಿಕೆಯ ಪೆನ್ಸಿಲ್ವೇನಿಯಾದಲ್ಲಿ ರೋಡೇಲ್ ಎಂಬಾತ ಸಾವಯವ ಕೃಷಿಯ ಪತ್ರಿಕೆ ಆರಂಭಿಸಿ ಹೋವರ್ಡನನ್ನು ಸಹಸಂಪಾದಕನನ್ನಾಗಿ ಮಾಡಿಕೊಂಡ. ಅಲ್ಲಿಂದ ಅದು ಮನೆಯ ಹಿತ್ತಲುಗಳಿಗೆ, ಶಾಲೆಗಳಿಗೆ ಇಳಿಯಿತು. 1995ರಲ್ಲಿ ಫ್ರೀಮಾಂಟಿಗೆ ಹತ್ತಿರದ ಬರ್ಕ್ಲಿಯಲ್ಲಿ ಆಲಿಸ್ ವಾಟರ್ಸ್ ಎಂಬ ಹೋಟೆಲಿನ ಒಡತಿ ಶಾಲೆಯೊಂದರ ಪಾಳುಬಿದ್ದ ಡಾಂಬರು ನೆಲವನ್ನು ಅಗೆಸಿ ತೋಟ ಮಾಡಿಸಿದ ಮೇಲಂತೂ ಶಾಲಾತೋಟವೆಂಬುದು ಅಲ್ಲಿ ಒಂದು ಚಳವಳಿಯೇ ಆಯಿತು.

ಕಬ್ಬಿನ ಸೋಗೆ ಎಂದೊಡನೆ ನಿಮಗೆ ನಮ್ಮ ರವದಿ ಕಣ್ಣಿಗೆ ಬಂದಿರಬೇಕು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಹೊಲಗಳಲ್ಲಿ ಕಟಾವಾದ ಮೇಲೆ ಬೆಂಕಿ ಹಚ್ಚುತ್ತೇವಲ್ಲ, ಅದೇ. ಉಗಾರ ಖುರ್ದದಲ್ಲಿ 1939ರಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾದ ಕಾಲಕ್ಕಾಗಲೇ ಇಂದೂರಿನ ಪುಸ್ತಕಕ್ಕೆ ಎಂಟು ವರ್ಷವಾಗಿತ್ತು. ಸೋಗೆಯನ್ನು ಚಿನ್ನ ಮಾಡುವ ವಿದ್ಯೆ ಏಳು ಸಮುದ್ರ ದಾಟಿತು, ಕೃಷ್ಣಾ ನದಿಯ ದಂಡೆಯಲ್ಲಿ ಇನ್ನೂ ಹೊಗೆಯಾಡುತ್ತದೆ.

ಪರದೇಶಕ್ಕೆ ಹೋಗಿ ಸ್ವಯಂಸೇವೆ ಮಾಡುವುದೂ ಹೊಸದಲ್ಲ. ಸ್ವಿಜರ್ಲೆಂಡಿನ ಪಿಯರ್ ಸೆರೆಸೋಲ್ ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಯುದ್ಧದಲ್ಲಿ ಹಾಳಾದ ಫ್ರಾನ್ಸಿನ ಹಳ್ಳಿಯೊಂದನ್ನು ಕಟ್ಟಲು ಹಲವು ದೇಶದವರನ್ನು ಸೇರಿಸಿದ. 1934ರ ಬಿಹಾರದ ಭೂಕಂಪದ ನಂತರ ತಾನೇ ಗುದ್ದಲಿ ಹಿಡಿದು ಇಲ್ಲಿಗೆ ಬಂದ. ಅಮೆರಿಕೆಯ ಅಧ್ಯಕ್ಷರಾದ ಜಿಮ್ಮಿ ಕಾರ್ಟರರ ತಾಯಿ ಲಿಲಿಯನ್ 1966ರಲ್ಲಿ, ತಮ್ಮ 68ನೆಯ ವಯಸ್ಸಿನಲ್ಲಿ, ಪೀಸ್ ಕೋರ್ ಸ್ವಯಂಸೇವಕಿಯಾಗಿ ಮುಂಬಯಿಯ ವಿಕ್ರೋಳಿಗೆ ಬಂದು ದಾದಿಯ ಕೆಲಸ ಮಾಡಿದರು. ನನ್ನಂಥವನು ಅಳಿಯನ ಕಾರಿನಲ್ಲಿ ಹೋಗಿ ಸಿಪ್ಪೆ ಎತ್ತಿದ್ದು ಇವರ ಮುಂದೆ ಏನೂ ಅಲ್ಲ.

ನಮ್ಮ ಜಿಲ್ಲೆಗೆ ಸ್ವಯಂಸೇವಕನೆಂಬ ಶಬ್ದಕ್ಕೆ ಮೈ ಬಂದದ್ದು 1924ರ ಡಿಸೆಂಬರಿನಲ್ಲಿ. ಗಾಂಧೀಜಿ ಅಧ್ಯಕ್ಷರಾದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯದು. ಹುದಲಿಯ ಗಂಗಾಧರರಾವ್ ದೇಶಪಾಂಡೆ ಅದನ್ನು ಹೊತ್ತರು. ಸ್ವಯಂಸೇವಕ ದಳವನ್ನು ಕಟ್ಟಿದ ಡಾಕ್ಟರ್ ನಾ. ಸು. ಹರ್ಡೀಕರರು ಅಮೆರಿಕೆಯಲ್ಲಿ ಓದಿ, ಅಲ್ಲಿ ಲಾಲಾ ಲಜಪತರಾಯರ ಜೊತೆ ದುಡಿದು, 1921ರಲ್ಲಿ ಮರಳಿದವರು. ಈ ಭಾಗವನ್ನು ನಾನು ತರಗತಿಯಲ್ಲಿ ಉತ್ಸಾಹದಿಂದ ಹೇಳುತ್ತಿದ್ದೆ. ಪಂಪಾ ಸರೋವರವೆಂಬ ಬಾವಿಯ ಕಥೆಯನ್ನೂ ಸೇರಿಸಿ. ಇನ್ನೊಂದು ಸಂಗತಿಯನ್ನು ಮಾತ್ರ ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದೆ. ಆ ಅಧಿವೇಶನದಲ್ಲಿ ಶೌಚದ ಗುಂಡಿಗಳನ್ನು ಬಳಿಯುವ ಕೆಲಸವನ್ನು ಭಂಗಿಗಳ ಪಾಲಿಗೆ ಬಿಡದೆ ಸ್ವಯಂಸೇವಕರೇ ಮಾಡಿದರು. ಅದರ ಮುಂದಾಳು ಬೆಳಗುಂದಿಯ ನಂಟಿದ್ದ ಕಾಕಾ ಕಾಲೇಲ್ಕರ್. ಕೆಲಸಕ್ಕೆ ನಿಂತವರಲ್ಲಿ ಬ್ರಾಹ್ಮಣ ತರುಣರೂ ಬಹಳ ಮಂದಿ ಇದ್ದರು. ಗಾಂಧೀಜಿ ಅದನ್ನು ತಮ್ಮ ಪತ್ರಿಕೆಯಲ್ಲಿ ಮೆಚ್ಚಿ ಬರೆದರು.

ಅದಾಗಿ ನಾಲ್ಕು ತಿಂಗಳು ಕಳೆದಿರಲಿಲ್ಲ. 1925ರ ಏಪ್ರಿಲಿನಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ಸೇರಿತು. ಅಧ್ಯಕ್ಷರು ಡಾಕ್ಟರ್ ಬಾಬಾಸಾಹೇಬ ಅಂಬೇಡ್ಕರ್. ಅದಕ್ಕೂ ಐದು ವರ್ಷ ಮೊದಲು, 1920ರ ಮಾರ್ಚಿನಲ್ಲಿ, ನಿಪ್ಪಾಣಿಗೆ ಅನತಿ ದೂರದ ಮಾಣಗಾವಿಯಲ್ಲಿ ಕೊಲ್ಲಾಪುರದ ಶಾಹೂ ಮಹಾರಾಜರು ಅದೇ ತರುಣನನ್ನು ತೋರಿಸಿ, ‘ನಿಮ್ಮ ನಾಯಕ ನಿಮಗೆ ದೊರೆತಿದ್ದಾನೆ’ ಎಂಬರ್ಥದ ಮಾತು ಆಡಿದ್ದರು. ಒಂದೇ ಜಿಲ್ಲೆ, ಒಂದೇ ಚಳಿಗಾಲ ಮತ್ತು ಬೇಸಿಗೆ. ಬೆಳಗಾವಿಯಲ್ಲಿ ಮೇಲಿನವರು ಕೆಲವು ದಿನ ಪೊರಕೆ ಹಿಡಿದರು. ಪೊರಕೆಯನ್ನು ಹುಟ್ಟಿನಿಂದಲೇ ಕೈಗೆ ಕೊಡಲ್ಪಟ್ಟವರು ನಿಪ್ಪಾಣಿಯಲ್ಲಿ ಶಿಕ್ಷಣದ ಮಾತು, ಹಕ್ಕಿನ ಮಾತು ಆಡಿದರು. ಮೊದಲನೆಯದನ್ನು ನಾನು ಪ್ರತಿವರ್ಷ ಕಲಿಸಿದೆ. ಎರಡನೆಯದನ್ನು, ನಿಪ್ಪಾಣಿ ನಮ್ಮಿಂದ ಒಂದು ಗಂಟೆಯ ಬಸ್ಸಿನ ಹಾದಿಯಾಗಿದ್ದರೂ, ಒಮ್ಮೆಯೂ ಕಲಿಸಲಿಲ್ಲ. ಪಠ್ಯದಲ್ಲಿ ಇರಲಿಲ್ಲ ಎಂಬುದು ನೆಪ. ಬಾವಿಯ ಕಥೆಯೂ ಪಠ್ಯದಲ್ಲಿ ಇರಲಿಲ್ಲ.

ಫ್ರೀಮಾಂಟಿನ ಶಾಲೆಗೆ ಬರುತ್ತೇನೆ. ಅಲ್ಲಿ ಗೋಡೆಯ ಮೇಲೆ ಒಂದು ಪಟ್ಟಿ ತೂಗುತ್ತಿತ್ತು: ಯಾವ ವಾರ ಯಾರು ಗಿಡ ನೆಡುವವರು, ಯಾರು ನೀರು ಹಾಕುವವರು, ಯಾರು ಎಂಜಲ ಬಕೀಟು ಹೊರುವವರು. ಅಕ್ಷರಾನುಕ್ರಮದಲ್ಲಿ ಹೆಸರುಗಳು, ವಾರಕ್ಕೊಮ್ಮೆ ಒಂದೊಂದು ಮನೆ ಸರಿಯುತ್ತಿದ್ದವು. ಮೊಮ್ಮಗಳ ಸರದಿ ಬಂದಾಗ ಅವಳು ಮೂಗು ಮುಚ್ಚಿಕೊಂಡು ಬಕೀಟು ಹೊತ್ತಳು; ಮರುವಾರ ಹೊತ್ತವನು ವೈದ್ಯರ ಮಗ. ಮುಖ್ಯೋಪಾಧ್ಯಾಯಿನಿಯ ಹೆಸರೂ ಪಟ್ಟಿಯಲ್ಲಿತ್ತು. ಇದನ್ನು ಕಂಡು ನಾನು ಮೊದಲು ಬೆರಗಾಗಲೂ ಇಲ್ಲ, ‘ಸರದಿ ಇರಲೇಬೇಕಲ್ಲ’ ಎಂದುಕೊಂಡೆ. (ಅಲ್ಲಿಯೂ ಸರದಿ ನಿಲ್ಲುವ ಒಂದು ಬಾಗಿಲು ಇತ್ತು. ಮಕ್ಕಳು ಮನೆಗೆ ಹೋದ ಮೇಲೆ ಶೌಚಾಲಯ ತೊಳೆಯುತ್ತಿದ್ದವನು ಮೆಕ್ಸಿಕೋದಿಂದ ಬಂದ ಒಬ್ಬ ನಡುವಯಸ್ಸಿನವನು. ಮಕ್ಕಳೆಲ್ಲ ಅವನ ಹೆಸರು ಹಿಡಿದು ಪ್ರೀತಿಯಿಂದ ಕೂಗುತ್ತಿದ್ದರು, ನಿಜ. ಸರದಿಯ ಪಟ್ಟಿಯಲ್ಲಿ ಮಾತ್ರ ಆ ಕೆಲಸ ಇರಲಿಲ್ಲ.)

ಡಿಸೆಂಬರಿನ ಮೂರನೆಯ ವಾರ. ಕ್ರಿಸ್‌ಮಸ್ ರಜೆ ಸಮೀಪಿಸಿತ್ತು. ಬೆಳಿಗ್ಗೆ ಚಹಾ ಕುಡಿಯುತ್ತ ಕನ್ನಡ ಪತ್ರಿಕೆಯ ತಾಣ ತೆರೆದರೆ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಸುದ್ದಿ: ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛಗೊಳಿಸಿದ್ದಾರೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ 1970ರ ದಶಕದಲ್ಲೇ ನಿಷೇಧಿಸಿದ ರಾಜ್ಯ ನಮ್ಮದು. 2013ರಲ್ಲಿ ಕೇಂದ್ರದ ಕಾನೂನೂ ಬಂದಿದೆ. ಮಗಳು ‘ಎಂಥ ಮಾಸ್ತರುಗಳಪ್ಪಾ ಇವರು’ ಎಂದಳು. ನಾನೂ ಹಾಗೆಯೇ ಅನ್ನಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ಗೋಡೆಯ ಮೇಲಿನ ಆ ಪಟ್ಟಿ ನೆನಪಾಯಿತು. ಅದರ ಹಿಂದೆಯೇ ನನ್ನ ಪಟ್ಟಿ.

ರಾಯಬಾಗ ತಾಲ್ಲೂಕಿನ ನಮ್ಮ ಪ್ರೌಢಶಾಲೆಯ ತೋಟ ನಿಮಗೆ ನೆನಪಿರುತ್ತದೆ. ಪಪ್ಪಾಯಿ ಗಿಡಗಳು, ಬದನೆಯ ಮಡಿ, ಮುಂಭಾಗದಲ್ಲಿ ಚೆಂಡುಹೂವು, ಹಿಂದೆ ಬೇವಿನ ಮರದ ಕೆಳಗೆ ತಿಪ್ಪೆಗುಂಡಿ. ಗಾಂಧೀಜಿ 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಕೈಕೆಲಸದ ಮೂಲಕ ಶಿಕ್ಷಣವೆಂಬ ವಿಚಾರವನ್ನು ಮಂಡಿಸಿದರು. ಅದೇ ವರ್ಷದ ಏಪ್ರಿಲಿನಲ್ಲಿ ಅವರು ನಮ್ಮ ಹುದಲಿಯಲ್ಲಿದ್ದರು. ಆ ವಿಚಾರ ತೆಳುವಾಗುತ್ತ ಬಂದು, 1977ರ ಈಶ್ವರಭಾಯಿ ಪಟೇಲ್ ಸಮಿತಿಯ ನಂತರ ಎಸ್‌ಯುಪಿಡಬ್ಲ್ಯು ಎಂಬ ಹೆಸರಿನಲ್ಲಿ ವೇಳಾಪಟ್ಟಿಯ ಕೊನೆಯ ಪಿರಿಯಡ್ಡಾಗಿ ನಮ್ಮ ಕೈಗೆ ಬಂದಿತ್ತು. ಹೊಸದಾಗಿ ಬಂದ ಉತ್ಸಾಹಿ ಮಾಸ್ತರ ನಾನು. ನನಗೆ ಅದನ್ನು ಕೊಟ್ಟರು. ತೋಟ ಚೆನ್ನಾಗಿಯೇ ಬಂತು. ನೋಡಲು ಬಂದ ಅಧಿಕಾರಿಗಳು ಹೊಗಳಿದರು. ನಾನು ಉಬ್ಬಿದೆ.

ಜನವರಿಯಲ್ಲಿ ಚಿಕ್ಕೋಡಿಗೆ ಮರಳಿದ ಮರುದಿನವೇ ಅಟ್ಟದ ಪೆಟ್ಟಿಗೆ ಇಳಿಸಿ 1994-95ರ ವಹಿ ಹುಡುಕಿದೆ. ನನ್ನದೇ ದುಂಡಕ್ಷರ. ನಾಲ್ಕು ಗುಂಪುಗಳು: ‘ನೀರು’, ‘ನೆಡುವುದು, ಕಳೆ’, ‘ಹೂವು, ಪೂಜೆ’, ‘ಕಸ, ತಿಪ್ಪೆ’. ಮೊದಲ ಮೂರು ಗುಂಪುಗಳು ತಿಂಗಳಿಗೊಮ್ಮೆ ಬದಲಾಗಿವೆ, ಬಾಣದ ಗುರುತು ಹಾಕಿ ತೋರಿಸಿದ್ದೇನೆ. ನಾಲ್ಕನೆಯದು ಜೂನ್‌ನಿಂದ ಮಾರ್ಚ್‌ವರೆಗೆ ಬದಲಾಗಿಲ್ಲ. ಅದರಲ್ಲಿ ಹನ್ನೊಂದು ಹೆಸರುಗಳು. ಹನ್ನೊಂದೂ ಒಂದೇ ಕೇರಿಯವು. ಆ ಹನ್ನೊಂದರಲ್ಲಿ ಒಂದೂ ‘ಹೂವು, ಪೂಜೆ’ಯ ಗುಂಪಿನಲ್ಲಿ ಯಾವ ತಿಂಗಳೂ ಇಲ್ಲ. ಹೀಗೆ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ. ಜಾತಿ ನೋಡಿ ಹಂಚಬೇಕೆಂದು ನಾನು ಕುಳಿತು ಯೋಚಿಸಲೂ ಇಲ್ಲ. ‘ರೂಢಿಯಿದ್ದವರಿಗೆ ಬೇಗ ಆಗುತ್ತದೆ’ ಎಂದು ಕೈ ತಾನಾಗಿ ಬರೆದಿತ್ತು. ಅದೇ ವರ್ಷ ಅದೇ ಕೈ ಕಪ್ಪುಹಲಗೆಯ ಮೇಲೆ ಬೆಳಗಾವಿ ಅಧಿವೇಶನದ ಟಿಪ್ಪಣಿಯನ್ನೂ ಬರೆದಿತ್ತು.

ಆ ಹನ್ನೊಂದು ಜನರಲ್ಲಿ ಒಬ್ಬಾತನ ದೂರವಾಣಿ ಸಂಖ್ಯೆ ನನ್ನಲ್ಲಿತ್ತು. ತಾಯಿ ನಿಪ್ಪಾಣಿಯ ಕಡೆಯವರು, ಬೀಡಿ ಕಟ್ಟಿ ಇವನನ್ನು ಓದಿಸಿದವರು. ಈಗ ಆತ ಸರಕಾರಿ ನೌಕರಿಯಲ್ಲಿದ್ದಾನೆ. ಎರಡು ದಿನ ಹಿಂದೆಮುಂದೆ ನೋಡಿ ಕರೆ ಮಾಡಿದೆ. ವಹಿಯಲ್ಲಿದ್ದುದನ್ನು ಓದಿ ಹೇಳಿ, ತಪ್ಪಾಯಿತು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ:

‘ಸರ, ಇತಿಹಾಸದಾಗ ನಿಮ್ಮಿಂದನ ನನಗ ರುಚಿ ಹತ್ತಿತ್ತು, ಅದೂ ನೆನಪೈತಿ. ಸೋಮವಾರ ಸೋಮವಾರ ಬುಟ್ಟಿ ಹೊತ್ತದ್ದೂ ನೆನಪೈತಿ. ಎರಡೂ ನಿಮ್ಮವ.’

ಕೋಪದ ದನಿ ಅಲ್ಲ, ಕ್ಷಮಿಸಿದ ದನಿಯೂ ಅಲ್ಲ. ನಾನು ಮತ್ತೆ ಏನೋ ಹೇಳಲು ಹೊರಟೆ. ಆತನೇ ತಡೆದು, ‘ಗೊಬ್ಬರದ ಕೆಲಸ ಕೆಟ್ಟದ್ದಂತ ನಾ ಅನ್ನಂಗಿಲ್ಲರಿ ಸರ. ನಮ್ಮ ಮನಿ ಹಿತ್ತಲದಾಗ ಈಗೂ ಮಾಡತೀನಿ. ನನ್ನ ಮಗಳಿಗೆ ಮಾತ್ರ ಶಾಲ್ಯಾಗ ಕಸಬರಿಗಿ ಕೊಟ್ರ ಯಾರ್‍ಯಾರಿಗೆ ಕೊಟ್ಟಾರಂತ ಮೊದಲ ಕೇಳತೀನಿ’ ಎಂದ. ಆಮೇಲೆ ನನ್ನ ಮೊಣಕಾಲು ನೋವು ಹೇಗಿದೆ ಎಂದು ವಿಚಾರಿಸಿದ. ಇದನ್ನು ಇಲ್ಲಿ ಬರೆಯಲೇ ಎಂದು ಕೇಳಿದಾಗ, ಹೆಸರಿಲ್ಲದೆ ಬರೆಯಿರಿ ಎಂದ.

ಉಳಿದ ಹತ್ತು ಜನರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಮೂವರು ಗ್ಯಾಂಗು ಕಟ್ಟಿಕೊಂಡು ಕಬ್ಬು ಕಡಿಯಲು ಹೋಗುವವರು, ಹತ್ತನೆಯ ತರಗತಿ ದಾಟಲಿಲ್ಲ. ಐವರನ್ನು ಇನ್ನೂ ಹುಡುಕುತ್ತಿದ್ದೇನೆ. ಇದನ್ನು ಓದುವ ಆ ತಂಡದ ಸಹಪಾಠಿಗಳು ಸುಳಿವು ಕೊಟ್ಟರೆ ಉಪಕಾರವಾಗುತ್ತದೆ.

ಮಳೆಗಾಲದ ಮೊದಲು ಹಳೆಯ ಶಾಲೆಗೆ ಹೋಗಿದ್ದೆ. ಬೇವಿನ ಮರವಿದೆ; ತಿಪ್ಪೆಗುಂಡಿಯ ಮೇಲೆ ಹೊಸ ಕೋಣೆ ಎದ್ದಿದೆ. ಹಿಂಬದಿಯ ಕಾಂಪೌಂಡಿನ ಮೂಲೆಯಲ್ಲಿ ಜಾಗವಿತ್ತು. ವಾರಕ್ಕೆರಡು ದಿನ ಬಂದು ಮಕ್ಕಳ ಜೊತೆ ಗುಂಡಿ ತೆಗೆದು ತೋಟ ಮಾಡಲೇ ಎಂದು ಕೇಳಿದೆ. ಈಗಿನ ಮುಖ್ಯೋಪಾಧ್ಯಾಯರು ನನ್ನ ಶಿಷ್ಯರ ಶಿಷ್ಯ, ಸಂತೋಷದಿಂದ ಒಪ್ಪಿದರು. ‘ಯಾವ ಹುಡುಗರನ್ನ ಕೊಡಲಿ ಸರ, ಗಟ್ಟಿಮುಟ್ಟಾದವರನ್ನ ಆರಿಸಿ ಕೊಡತೀನಿ’ ಎಂದರು. ಆರಿಸುವುದು ಬೇಡ, ಹಾಜರಿ ಪುಸ್ತಕವನ್ನೇ ಕೊಡಿ ಎಂದೆ. ಮೊದಲ ಹೆಸರಿನಿಂದ ಆರಂಭಿಸಿ ಪಟ್ಟಿ ಬರೆದೆವು. ಪಟ್ಟಿಯ ತಲೆಯಲ್ಲಿ ನನ್ನದು, ಎರಡನೆಯದು ಅವರದು. ಮೊದಲ ವಾರದ ಬುಟ್ಟಿ ಹೊತ್ತಾಗ ಮೊಣಕಾಲು ನೆನಪು ಮಾಡಿತು. ಒಬ್ಬ ಹುಡುಗಿಯ ತಂದೆ ಬಂದು, ನಮ್ಮ ಮಗಳು ಆ ಬುಟ್ಟಿ ಮುಟ್ಟುವುದಿಲ್ಲ ಎಂದು ಜಗಳವಾಡಿ ಹೋಗಿದ್ದಾರೆ. ಹುಡುಗಿ ಮಾತ್ರ ಮರುದಿನ ಬಂದು ತನ್ನ ಸರದಿ ಯಾವಾಗ ಎಂದು ಕೇಳಿದಳು. ಇನ್ನೂ ಇತ್ಯರ್ಥವಾಗಿಲ್ಲ.

ಗುಂಡಿ ತುಂಬಲು ನಮಗೆ ಒಣ ಸಾಮಗ್ರಿ ಸಾಲುತ್ತಿಲ್ಲ. ರಾಯಬಾಗ, ಕುಡಚಿ ಕಡೆಯ ಹಳೆಯ ವಿದ್ಯಾರ್ಥಿಗಳೇ, ಈ ಸಲ ಕಬ್ಬು ಕಟಾವಾದ ಮೇಲೆ ರವದಿಗೆ ಕಡ್ಡಿ ಗೀರುವ ಮೊದಲು ಒಂದು ಟ್ರ್ಯಾಕ್ಟರ್ ನಮ್ಮ ಶಾಲೆಗೆ ಕಳಿಸಿಕೊಡಿ. ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಎರಡರ ನಂತರ ನಾನು ಅಲ್ಲಿಯೇ ಇರುತ್ತೇನೆ.